ರಾತ್ರಿ ರೈಲು, ಅಡುಗೆಮನೆ ಇರುವ ಮನೆ, ಜನವರಿ ತಿಂಗಳು: ರೊವಾನಿಯೆಮಿಗೆ ನಾಲ್ವರ ಖರ್ಚು

ಹೆಲ್ಸಿಂಕಿಯಿಂದ ರೊವಾನಿಯೆಮಿಗೆ ರಾತ್ರಿ ರೈಲು, ಇಳಿದ ಮೇಲೆ ಅಡುಗೆಮನೆ ಇರುವ ಬಾಡಿಗೆ ಮನೆ, ದುಡ್ಡು ಕೊಟ್ಟು ಮಾಡುವ ಒಂದೆರಡು ಸವಾರಿ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳ ಸಂಸಾರ ಫಿನ್‌ಲ್ಯಾಂಡಿನ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡ್‌ಗೆ ಕೈ ಸುಟ್ಟುಕೊಳ್ಳದೆ ಹೋಗಿಬರುವುದು ಹೀಗೆ. ಮೊದಲೇ ತೀರ್ಪು ಹೇಳಿಬಿಡುತ್ತೇವೆ. ರೈಲಿಗೆ ಕೊಟ್ಟ ದುಡ್ಡು ವಸೂಲಾಗುತ್ತದೆ, ಆದರೆ ಜನವರಿ ಎರಡನೇ ವಾರದಿಂದ ಫೆಬ್ರವರಿ ಮೊದಲ ವಾರದವರೆಗೆ, ಆಮೇಲೆ ಮಾರ್ಚ್ ಕೊನೆಯಲ್ಲಿ. ಡಿಸೆಂಬರಿನಲ್ಲಿ ಅದೇ ರೈಲು, ಅದೇ ಮನೆ, ಅದೇ ನಾಯಿಬಂಡಿಗೆ ಎಷ್ಟೋ ಹೆಚ್ಚು ಕೊಡಬೇಕು, ಸಿಗುವುದು ಮಾತ್ರ ಕಡಿಮೆ.

ಕಡಿಮೆ ಯಾಕೆಂದರೆ ಬೆಳಕೇ ಇರುವುದಿಲ್ಲ. ರೊವಾನಿಯೆಮಿ ಊರು ಆರ್ಕ್ಟಿಕ್ ವೃತ್ತಕ್ಕಿಂತ ಸುಮಾರು 8 ಕಿ.ಮೀ. ದಕ್ಷಿಣಕ್ಕಿದೆ. ಹಾಗಾಗಿ ಡಿಸೆಂಬರ್ 21ರ ಹೊತ್ತಿಗೂ ಸೂರ್ಯ ಪೂರ್ತಿ ಮಾಯವಾಗುವುದಿಲ್ಲ, ಆದರೆ ದಿಗಂತದ ಮೇಲೆ ಇರುವುದು ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು, ಅಷ್ಟೇ. ಮೋಡ ಕವಿದ ದಿನ ಅದೂ ಕಾಣುವುದಿಲ್ಲ. ಜನವರಿ ಕೊನೆಗೆ ಹಗಲು ಆರು ಗಂಟೆಯ ಹತ್ತಿರ ಬರುತ್ತದೆ, ಮಾರ್ಚ್ ಮೂರನೇ ವಾರಕ್ಕೆ ಹನ್ನೆರಡು ಗಂಟೆ. ನವೆಂಬರ್ ಕೊನೆಯನ್ನು ಅಗ್ಗವೆಂದು ಹಿಡಿಯುವವರಿಗೆ ಒಂದು ಎಚ್ಚರಿಕೆ: 2018ರ ನವೆಂಬರಿನಲ್ಲಿ ರೊವಾನಿಯೆಮಿಯ ನೆಲದ ಮೇಲೆ ಹಿಮವೇ ಇರಲಿಲ್ಲ, ಪ್ರವಾಸ ಕಂಪನಿಗಳು ಪರದಾಡಿದವು. ಜನವರಿಯಲ್ಲಿ ಹಿಮದ ಚಿಂತೆ ಇಲ್ಲ, ಚಿಂತೆ ಚಳಿಯದ್ದು. ಆ ತಿಂಗಳ ಸರಾಸರಿ ಮೈನಸ್ 11ರ ಆಸುಪಾಸು. ಒಂದೊಂದು ವಾರ ಮೈನಸ್ 30 ಮುಟ್ಟುವುದೂ ಉಂಟು. 2024ರ ಜನವರಿ 5ರಂದು ಇನ್ನೂ ಉತ್ತರದ ಎನೊಂಟೆಕಿಯೊದಲ್ಲಿ ಮೈನಸ್ 44.3 ದಾಖಲಾಯಿತು.

ದರ ಇಳಿಯುವುದು ಜನವರಿ 6ರ ಎಪಿಫನಿ ಎಂಬ ಕ್ರೈಸ್ತ ಹಬ್ಬದ ರಜೆ ಮುಗಿದ ಮೇಲೆ. ಮತ್ತೆ ಏರುವುದು ಫೆಬ್ರವರಿ ನಡುವೆ, ಬ್ರಿಟನ್ನಿನ ಶಾಲೆಗಳ ಅರ್ಧಾವಧಿ ರಜೆಯ ಹೊತ್ತಿಗೆ. ಅದರ ಬೆನ್ನಿಗೇ ಫಿನ್‌ಲ್ಯಾಂಡಿನ ಶಾಲೆಗಳಿಗೆ ವರ್ಷದ 8, 9, 10ನೇ ವಾರಗಳಲ್ಲಿ ಪ್ರದೇಶವಾರು ಸ್ಕೀ ರಜೆ. ಆಗ ಲೆವಿ, ಯುಲ್ಲಾಸ್, ರುಕಾದಂಥ ಸ್ಕೀ ಊರುಗಳಲ್ಲಿ ಮನೆ ಸಿಗುವುದೇ ಕಷ್ಟ. ಬೆಂಗಳೂರಿನಿಂದ ಹೊರಡುವವರು ಸಂಕ್ರಾಂತಿಯ ರಜೆಗೆ ಆಚೀಚೆ ನಾಲ್ಕೈದು ದಿನ ಸೇರಿಸಿಕೊಂಡರೆ ಸರಿಯಾಗಿ ಅಗ್ಗದ ವಾರಕ್ಕೇ ಬಂದು ಬೀಳುತ್ತಾರೆ. ಶಾಲೆಗೆ ಒಂದು ವಾರ ರಜೆ ಹಾಕಿಸುವ ಸಂಕೋಚಕ್ಕೆ ಡಿಸೆಂಬರನ್ನೇ ಹಿಡಿದರೆ, ಆ ಸಂಕೋಚದ ಬೆಲೆ ಸಾವಿರ ಯೂರೊಗೂ ಮೇಲೆ. ಲೆಕ್ಕ ಕೆಳಗಿದೆ.

ರೈಲು

ಇದನ್ನು ನಡೆಸುವುದು ಸರ್ಕಾರಿ ರೈಲು ಕಂಪನಿ ವಿಆರ್. ಸಾಂಟಾ ಕ್ಲಾಸ್ ಎಕ್ಸ್‌ಪ್ರೆಸ್ ಎಂಬುದು ಮಾರಾಟದ ಹೆಸರು. ಹತ್ತಿದರೆ ಅಲಂಕಾರವೇನೂ ಇಲ್ಲದ, ಅಚ್ಚುಕಟ್ಟಾದ ಎರಡಂತಸ್ತಿನ ಸ್ಲೀಪರ್ ಬೋಗಿ. ಸಂಜೆ ಅಥವಾ ರಾತ್ರಿ ಹೊರಟು ಸುಮಾರು 12 ಗಂಟೆಯಲ್ಲಿ ರೊವಾನಿಯೆಮಿ ಮುಟ್ಟುತ್ತದೆ.

ವಿಮಾನದಲ್ಲಿ ಹೆಲ್ಸಿಂಕಿಗೆ ಬಂದಿಳಿದವರು ಊರೊಳಗಿನ ಮುಖ್ಯ ನಿಲ್ದಾಣಕ್ಕೆ ಹೋಗಬೇಕಾಗಿಯೇ ಇಲ್ಲ. ಈ ರೈಲು ತಿಕ್ಕುರಿಲಾದಲ್ಲಿ ನಿಲ್ಲುತ್ತದೆ. ವಿಮಾನ ನಿಲ್ದಾಣದಿಂದ ಲೋಕಲ್ ರೈಲಿನಲ್ಲಿ ಅಲ್ಲಿಗೆ ಹತ್ತು ನಿಮಿಷದ ಹಾದಿ. ಸೂಟ್‌ಕೇಸು, ನಿದ್ದೆಗಣ್ಣಿನ ಮಕ್ಕಳು ಇದ್ದಾಗ ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ಆಯಾಸ ತಪ್ಪುತ್ತದೆ. ವಿಮಾನ ಇಳಿಯುವ ಹೊತ್ತಿಗೂ ರೈಲಿಗೂ ನಡುವೆ ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ, ಇಮಿಗ್ರೇಷನ್ ಸಾಲು ಯಾರ ಕೈಯಲ್ಲೂ ಇಲ್ಲ.

ಒಂದು ಕ್ಯಾಬಿನ್ನಿನಲ್ಲಿ ಮೇಲೊಂದು ಕೆಳಗೊಂದು ಹಾಸಿಗೆ. ಹೊದಿಕೆ, ಟವೆಲು, ಕುಡಿಯುವ ನೀರು ಟಿಕೆಟ್ಟಿನಲ್ಲೇ ಸೇರಿವೆ. ಮೇಲಂತಸ್ತಿನ ಕ್ಯಾಬಿನ್‌ಗಳಿಗೆ ಸ್ವಂತ ಟಾಯ್ಲೆಟ್ಟು, ಶವರು ಇವೆ. ಕೆಳಗಿನವಕ್ಕೆ ಬೋಗಿಗೆ ಸೇರಿದ ಟಾಯ್ಲೆಟ್ಟು. ಸಣ್ಣ ಮಕ್ಕಳಿದ್ದರೆ ಮೇಲಿನದಕ್ಕೇ ಕೊಡಿ. ರಾತ್ರಿ ಎರಡು ಗಂಟೆಗೆ ಮಗುವಿನ ಕೈ ಹಿಡಿದು ಕಾರಿಡಾರಿನಲ್ಲಿ ನಿಲ್ಲುವುದು ತಪ್ಪುತ್ತದೆ. ಸ್ನಾನದ ಜಾಗ ಒಂದು ಬೀರುವಿನಷ್ಟು. ವಾಶ್‌ಬೇಸಿನ್ ಇರುವ ಗೋಡೆಯನ್ನು ತಿರುಗಿಸಿದರೆ ಅದೇ ಶವರ್ ಆಗುತ್ತದೆ. ತಿರುಗಿಸುವ ಮೊದಲು ಟಾಯ್ಲೆಟ್ ಪೇಪರು, ಟವೆಲು ಹೊರಗೆ ತೆಗೆದಿಡಿ, ಇಲ್ಲವಾದರೆ ಎಲ್ಲಾ ಒದ್ದೆ.

ಕ್ಯಾಬಿನ್ನಿನಲ್ಲಿ ಇಲ್ಲದ್ದು ಲಗೇಜಿನ ಜಾಗ. ದೊಡ್ಡ ಸೂಟ್‌ಕೇಸನ್ನು ಒಳಗೆ ತೆರೆದು ಹರಡಲು ಆಗುವುದೇ ಇಲ್ಲ. ರಾತ್ರಿಗೆ ಬೇಕಾದದ್ದನ್ನು, ಜೊತೆಗೆ ಬೆಳಿಗ್ಗೆ ಇಳಿಯುವಾಗ ಹಾಕಿಕೊಳ್ಳುವ ಥರ್ಮಲ್, ಟೋಪಿ, ಕೈಗವಸುಗಳನ್ನು ಬೇರೆ ಚೀಲದಲ್ಲಿ ಇಟ್ಟುಕೊಳ್ಳಬೇಕು. ತಿಕ್ಕುರಿಲಾದಲ್ಲಿ ಸೊನ್ನೆ ಡಿಗ್ರಿ ಇದ್ದು ರೊವಾನಿಯೆಮಿಯಲ್ಲಿ ಮೈನಸ್ 25 ಇರುವುದೂ ಉಂಟು.

ಟಿಕೆಟ್ ದರ ವಿಮಾನದ ಹಾಗೆ ಏರಿಳಿಯುತ್ತದೆ. ಮಾರಾಟ ತೆರೆದ ಮೊದಲ ದಿನಗಳಲ್ಲಿ ಅಗ್ಗ, ವಾರದ ನಡುವಿನ ದಿನಗಳಲ್ಲಿ ಅಗ್ಗ, ಶುಕ್ರವಾರ ಉತ್ತರಕ್ಕೂ ಭಾನುವಾರ ದಕ್ಷಿಣಕ್ಕೂ ದುಬಾರಿ. ಜನವರಿಯ ವಾರದ ದಿನಕ್ಕೆ ಮೇಲಂತಸ್ತಿನ ಒಂದು ಕ್ಯಾಬಿನ್ನಿಗೆ 100ರಿಂದ 150 ಯೂರೊ ಹಿಡಿಯಿರಿ. ನಾಲ್ವರಿಗೆ ಎರಡು ಕ್ಯಾಬಿನ್ ಬೇಕು. ನಡುವಿನ ಬಾಗಿಲು ತೆರೆದುಕೊಳ್ಳುವ ಜೋಡಿ ಕ್ಯಾಬಿನ್‌ಗಳಿವೆ, ಅವು ಮೊದಲು ಖಾಲಿಯಾಗುತ್ತವೆ. ಸಣ್ಣ ಮಕ್ಕಳನ್ನು ದೊಡ್ಡವರ ಹಾಸಿಗೆಯಲ್ಲೇ ಮಲಗಿಸಿಕೊಂಡು ಒಂದೇ ಕ್ಯಾಬಿನ್ನಿನಲ್ಲಿ ಹೋಗಲೂ ಅವಕಾಶವಿದೆ, ವಯಸ್ಸಿನ ಮಿತಿ ಬುಕಿಂಗ್ ಮಾಡುವಾಗ ನೋಡಿಕೊಳ್ಳಿ. ಐದು ವರ್ಷದೊಳಗಿನ ಮಗುವಾದರೆ ನಡೆಯುತ್ತದೆ. ಅದಕ್ಕಿಂತ ದೊಡ್ಡದಾದರೆ ಅಪ್ಪ ಅಮ್ಮ ಇಬ್ಬರಿಗೂ ನಿದ್ದೆಯಿಲ್ಲ.

ವಿಮಾನಕ್ಕೆ ಹೋಲಿಸಿದರೆ? ಹೆಲ್ಸಿಂಕಿಯಿಂದ ರೊವಾನಿಯೆಮಿಗೆ ಹಾರಾಟ ಒಂದೂಕಾಲು ಗಂಟೆ ಚಿಲ್ಲರೆ. ಟಿಕೆಟ್ ಅಗ್ಗ ಕಂಡರೂ ನಾಲ್ವರ ಬ್ಯಾಗುಗಳ ಶುಲ್ಕ, ಆ ರಾತ್ರಿ ಉಳಿಯುವ ಹೋಟೆಲು, ಆ ತುದಿಯಲ್ಲಿ ಟ್ಯಾಕ್ಸಿ ಸೇರಿಸಿ ನೋಡಿ. ರೈಲು ಒಂದು ರಾತ್ರಿಯ ಬಾಡಿಗೆಯನ್ನು ನುಂಗಿಕೊಂಡು ಬರುತ್ತದೆ. ಡೆಲ್ಲಿ ಅಥವಾ ದೋಹಾ ಮೂಲಕ ಬರುವವರು ಒಂದೇ ಟಿಕೆಟ್ಟಿನಲ್ಲಿ ರೊವಾನಿಯೆಮಿವರೆಗೂ ಬುಕ್ ಮಾಡಿದಾಗ ವ್ಯತ್ಯಾಸ ಕಡಿಮೆಯಿದ್ದರೆ ಆಗ ವಿಮಾನವೇ ಸರಿ. ಲಗೇಜು ನೇರ ಹೋಗುತ್ತದೆ, ಮೊದಲ ವಿಮಾನ ತಡವಾದರೆ ಜವಾಬ್ದಾರಿ ಅವರದು.

ರೈಲಿನ ನಿಜವಾದ ತೊಂದರೆ ತಲುಪಿದ ಮೇಲೆ ಶುರುವಾಗುತ್ತದೆ. ಬೆಳಿಗ್ಗೆ ಬಂದಿಳಿಯುತ್ತೀರಿ, ಬಾಡಿಗೆ ಮನೆಯ ಕೀಲಿ ಸಿಗುವುದು ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ. ಬುಕ್ ಮಾಡುವಾಗಲೇ ಮನೆಯವರಿಗೆ ಬರೆದು ಬೇಗ ಬರಲು, ಕಡೇಪಕ್ಷ ಚೀಲ ಇಡಲು ಒಪ್ಪಿಗೆ ತೆಗೆದುಕೊಳ್ಳಿ. ಆಗದಿದ್ದರೆ ನಿಲ್ದಾಣದ ಲಾಕರಿನಲ್ಲಿ ಸಾಮಾನಿಟ್ಟು ಆ ಹೊತ್ತನ್ನು ಆರ್ಕ್ಟಿಕುಮ್ ಮ್ಯೂಸಿಯಮ್ಮಿನಲ್ಲಿ ಕಳೆಯಿರಿ. ಬೆಚ್ಚಗಿದೆ, ಮಕ್ಕಳು ಓಡಾಡಬಹುದು, ಧ್ರುವ ಪ್ರದೇಶದ ಬದುಕು ಅರ್ಥವಾಗುತ್ತದೆ. ಇಳಿದ ದಿನವೇ ಬೆಳಿಗ್ಗೆ ಹತ್ತಕ್ಕೆ ನಾಯಿಬಂಡಿ ಬುಕ್ ಮಾಡುವುದು ಬೇಡ. ಚಳಿಗೆ ರೈಲು ತಡವಾಗುವುದುಂಟು, ಸಫಾರಿಯವರು ಕಾಯುವುದಿಲ್ಲ, ಹಣವೂ ವಾಪಸ್ ಬರುವುದಿಲ್ಲ. ರೈಲಿನ ಕಡೆಯಿಂದ ಮಾತ್ರ, ತೀರಾ ವಿಪರೀತ ಹವಾಮಾನದಂಥ ಕಾರಣವಿಲ್ಲದಿದ್ದರೆ, ಯುರೋಪಿನ ನಿಯಮದಂತೆ ಒಂದು ಗಂಟೆ ತಡವಾದರೆ ಟಿಕೆಟ್ಟಿನ ಕಾಲು ಭಾಗ, ಎರಡು ಗಂಟೆಗೆ ಅರ್ಧ ಭಾಗ ಕೇಳಿ ಪಡೆಯಬಹುದು.

ಮನೆ ಮತ್ತು ಊಟ

ಗಾಜಿನ ಚಾವಣಿಯ ಇಗ್ಲೂ ಹೋಟೆಲುಗಳ ಫೋಟೊ ಎಲ್ಲರೂ ನೋಡಿದ್ದಾರೆ. ಸಂಸಾರದ ಬಜೆಟ್ಟಿಗೆ ಅದು ಬೇಡ. ಒಂದು ರಾತ್ರಿಗೆ ಅಲ್ಲಿ ಕೊಡುವ ಹಣದಲ್ಲಿ ಊರೊಳಗೆ ಮೂರು ರಾತ್ರಿ ಇರಬಹುದು, ಮೋಡವಿದ್ದರೆ ಗಾಜಿನಿಂದ ಕಾಣುವುದೂ ಮೋಡವೇ. ರೊವಾನಿಯೆಮಿ ಊರ ನಡುವಿನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟು ಜನವರಿಯಲ್ಲಿ ರಾತ್ರಿಗೆ 150 ಯೂರೊ ಹತ್ತಿರ ಸಿಗುತ್ತದೆ. ಹೀಟಿಂಗ್, ಬಿಸಿನೀರು ಅದರಲ್ಲೇ. ಹಲವು ಮನೆಗಳಲ್ಲಿ ಸೌನಾ, ಅಂದರೆ ಬಿಸಿಹಬೆಯ ಕೋಣೆ, ಕೂಡ ಇರುತ್ತದೆ. ನೋಡಬೇಕಾದದ್ದು ಮೂರು: ಕ್ಲೀನಿಂಗ್ ಶುಲ್ಕ ಬೇರೆಯೇ, ಹಾಸಿಗೆ ಬಟ್ಟೆ ಮತ್ತು ಟವೆಲು ಸೇರಿವೆಯೇ, ಬಟ್ಟೆ ಒಣಗಿಸುವ ಬೀರು ಇದೆಯೇ. ಮೊದಲೆರಡು ಸೇರಿ ಬಿಲ್ಲಿಗೆ ನೂರು ಯೂರೊ ಕೂಡಬಹುದು. ಮೂರನೆಯದು ಹಣದ ಮಾತಲ್ಲ, ಆದರೆ ಹಿಮದಲ್ಲಿ ಹೊರಳಾಡಿ ಬಂದ ಮಕ್ಕಳ ಬೂಟಿನ ಒಳಪದರ ಬೆಳಿಗ್ಗೆಯೊಳಗೆ ಒಣಗದಿದ್ದರೆ ಮರುದಿನ ಹತ್ತೇ ನಿಮಿಷದಲ್ಲಿ ಕಾಲು ಮರಗಟ್ಟುತ್ತದೆ.

ಊಟದಲ್ಲಿ ಉಳಿಸುವಷ್ಟು ಬೇರೆ ಎಲ್ಲೂ ಉಳಿಸಲಾಗದು, ಸಸ್ಯಾಹಾರಿಗಳಿಗಂತೂ. ರಾತ್ರಿಯೂಟಕ್ಕೆ ಹೊರಗೆ ಹೋದರೆ ನಾಲ್ವರಿಗೆ ನೂರು ಯೂರೊ ಸಲೀಸಾಗಿ ಆಗುತ್ತದೆ, ಅದರಲ್ಲಿ ಸಸ್ಯಾಹಾರಿಗೆ ಸಿಗುವುದು ಒಂದು ಬರ್ಗರೋ ರಿಸೊಟ್ಟೊವೋ. ಅದರ ಬದಲು ಪ್ರಿಸ್ಮಾ, ಸಿಟಿಮಾರ್ಕೆಟ್ ಅಥವಾ ಲಿಡ್ಲ್ ಸೂಪರ್‌ಮಾರ್ಕೆಟ್ಟಿನಲ್ಲಿ ಅಕ್ಕಿ, ಕೆಂಪು ಬೇಳೆ, ಆಲೂಗಡ್ಡೆ, ಕ್ಯಾರೆಟ್ಟು, ಮೊಸರು, ಹಾಲು, ಓಟ್ಸು, ಬ್ರೆಡ್ಡು ಕೊಂಡರೆ ನಾಲ್ವರಿಗೆ ದಿನಕ್ಕೆ 40 ಯೂರೊ ಸಾಕು. ನಲ್ಲಿ ನೀರನ್ನೇ ಕುಡಿಯಿರಿ, ಬಾಟಲಿ ಬೇಕಿಲ್ಲ. ಹೊರಗಿನ ಊಟ ಬೇಕೆನಿಸಿದ ದಿನ ಮಧ್ಯಾಹ್ನ ಹೋಗಿ. ವಾರದ ದಿನಗಳಲ್ಲಿ 11ರಿಂದ 2ರ ಸುಮಾರಿಗೆ ಲೌನಾಸ್ ಎಂಬ ಬಫೆ ಇರುತ್ತದೆ. ಸಲಾಡು, ಸೂಪು, ಬ್ರೆಡ್ಡು, ಬಿಸಿ ಅಡುಗೆ, ಕಾಫಿ ಎಲ್ಲಾ ಸೇರಿ ದೊಡ್ಡವರಿಗೆ 15 ಯೂರೊ ಒಳಗೆ ಹೊರಗೆ. ಬೋರ್ಡಿನಲ್ಲಿ ಕಾಸ್ವಿಸ್ ಎಂದಿದ್ದರೆ ತರಕಾರಿಯದು. ಟಿಪ್ಸ್ ಕೊಡುವ ರೂಢಿ ಇಲ್ಲ.

ಊರಿನಿಂದ ಏನು ಒಯ್ಯಬಹುದು? ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ, ಹುರಿದ ರವೆ, ಒಣಗಿದ ಮಸಾಲೆ ಒಯ್ಯಿರಿ. ತುಪ್ಪ, ಪೇಡ, ಹಾಲಿನ ಪದಾರ್ಥ, ಮಾಂಸ ಯುರೋಪ್ ಒಕ್ಕೂಟದ ಹೊರಗಿನಿಂದ ತರುವಂತಿಲ್ಲ, ಕಸ್ಟಮ್ಸ್‌ನಲ್ಲಿ ಸಿಕ್ಕರೆ ತೆಗೆದುಹಾಕುತ್ತಾರೆ. ಹಸಿ ಕರಿಬೇವಿಗೂ ಅವಕಾಶವಿಲ್ಲ. ಎರಡು ಲೀಟರಿನ ಸಣ್ಣ ಕುಕ್ಕರ್ ತರುವುದಾದರೆ ಇಂಡಕ್ಷನ್ ತಳದ್ದೇ ಇರಲಿ. ಅಲ್ಲಿ ಗ್ಯಾಸ್ ಒಲೆ ಅಪರೂಪ, ಎಲ್ಲಾ ಇಂಡಕ್ಷನ್ ಅಥವಾ ಚಪ್ಪಟೆ ಗಾಜಿನ ಒಲೆ. ಕ್ರಿಸ್‌ಮಸ್‌ಗೇ ಹೋಗುವವರು ಡಿಸೆಂಬರ್ 23ರಂದೇ ದಿನಸಿ ತುಂಬಿಟ್ಟುಕೊಳ್ಳಬೇಕು. 24ರ ಮಧ್ಯಾಹ್ನದಿಂದ ಊರು ನಿಂತುಬಿಡುತ್ತದೆ, ಬಸ್ಸುಗಳೂ ವಿರಳ.

ಯಾವ ಸವಾರಿಗೆ ದುಡ್ಡು, ಯಾವುದಕ್ಕೆ ಬೇಡ

ಸಾಂಟಾ ಕ್ಲಾಸ್ ವಿಲೇಜಿಗೆ ಪ್ರವೇಶ ಉಚಿತ, ಸಾಂಟಾ ಭೇಟಿಯೂ ಉಚಿತ. ದುಡ್ಡು ಕೇಳುವುದು ಫೋಟೊಗೆ. ಒಳಗೆ ನಿಮ್ಮ ಕ್ಯಾಮೆರಾ ಬಳಸುವಂತಿಲ್ಲ, ಅವರು ತೆಗೆದ ಚಿತ್ರ ಬೇಕಾದರೆ 40 ಯೂರೊ ಆಸುಪಾಸು. ಬೇಡ ಎಂದರೂ ಯಾರೂ ಮುಖ ಸಿಂಡರಿಸುವುದಿಲ್ಲ. ರೈಲು ನಿಲ್ದಾಣದಿಂದ, ಊರ ನಡುವಿನಿಂದ 8ನೇ ನಂಬರ್ ಬಸ್ ಹತ್ತಿದರೆ ಅರ್ಧ ಗಂಟೆಯೊಳಗೆ ಬಾಗಿಲಿಗೇ ಬಿಡುತ್ತದೆ. ಪ್ಯಾಕೇಜಿನವರು ಇದೇ ಭೇಟಿಯನ್ನು ವ್ಯಾನ್ ಸಹಿತ ಟೂರ್ ಎಂದು ಮಾರುತ್ತಾರೆ, ಅದು ಶುದ್ಧ ನಷ್ಟ. ಹತ್ತಿರದಲ್ಲೇ ಬಂಡೆ ಕೊರೆದು ಮಾಡಿದ ಸಾಂಟಾಪಾರ್ಕ್ ಬೇರೆಯದೇ ಜಾಗ. ಅದಕ್ಕೆ ತಲೆಗೆ ಟಿಕೆಟ್ ಇದೆ. ಹೆಸರು ನೋಡಿ ಒಂದರ ಬದಲು ಇನ್ನೊಂದಕ್ಕೆ ಬುಕ್ ಮಾಡಿದವರು ಬಹಳ. ಏಳು ವರ್ಷದ ಮೇಲಿನ ಮಕ್ಕಳಿಗೆ ವಿಲೇಜ್ ಒಂದೇ ಸಾಕು ಎನ್ನುವುದು ನಮ್ಮ ಅಭಿಪ್ರಾಯ.

ದುಡ್ಡು ಹಾಕಬೇಕಾದದ್ದು ಹಸ್ಕಿ ನಾಯಿಗಳ ಬಂಡಿಗೆ, ಅದೂ ಊರ ಹೊರಗಿನ ಫಾರ್ಮಿನಲ್ಲಿ. ವಿಲೇಜಿನ ಪಕ್ಕದ ಅರ್ಧ ಕಿ.ಮೀ. ಸುತ್ತು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ, ಕಿ.ಮೀ. ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ದುಬಾರಿ. ಫಾರ್ಮಿನಲ್ಲಿ 10 ಕಿ.ಮೀ. ಓಟಕ್ಕೆ ದೊಡ್ಡವರಿಗೆ 150, ಮಕ್ಕಳಿಗೆ 100 ಯೂರೊ ಹಿಡಿಯಿರಿ. ಅಪ್ಪ ಅಮ್ಮ ಸರದಿಯಲ್ಲಿ ಹಿಂದೆ ನಿಂತು ಬ್ರೇಕ್ ಹಿಡಿಯುತ್ತಾರೆ, ಮಕ್ಕಳು ಮುಂದೆ ಕಂಬಳಿಯಲ್ಲಿ ಕೂರುತ್ತಾರೆ. ನಿಂತವರಿಗೆ ಬೆವರು, ಕೂತವರಿಗೆ ಚಳಿ. ಐದು ವರ್ಷದ ಒಳಗಿನವರಿದ್ದರೆ 5 ಕಿ.ಮೀ.ಯದನ್ನೇ ಆರಿಸಿ. ಥರ್ಮಲ್ ಓವರಾಲ್, ಬೂಟು, ಕೈಗವಸು, ಹೋಟೆಲಿನಿಂದ ಕರೆದೊಯ್ಯುವುದು ದರದಲ್ಲಿ ಸೇರಿದೆಯೇ ಎಂದು ಓದಿ. ಫಾರ್ಮಿನ ಸ್ವಂತ ವೆಬ್‌ಸೈಟ್ ದರವನ್ನೂ ಬುಕಿಂಗ್ ಆ್ಯಪಿನ ದರವನ್ನೂ ಹೋಲಿಸಿ, ಹಲವು ಬಾರಿ ನೇರ ದರವೇ ಕಡಿಮೆ. ತೀರಾ ಚಳಿ ಬಿದ್ದರೆ ಸಣ್ಣ ಮಕ್ಕಳಿಗೆ ಸಫಾರಿ ರದ್ದು ಮಾಡುತ್ತಾರೆ. ಹಾಗಾಗಿ ವಾಸ್ತವ್ಯದ ಎರಡನೇ ದಿನಕ್ಕೇ ಇಟ್ಟುಕೊಳ್ಳಿ, ಮುಂದೂಡಲು ದಿನಗಳು ಉಳಿದಿರುತ್ತವೆ.

ಹಿಮಸಾರಂಗದ ಬಂಡಿಯದು ಬೇರೆ ಗತಿ, ನಡಿಗೆಯ ವೇಗ. ಅದಕ್ಕೆ ವಿಲೇಜಿನ ಚಿಕ್ಕ ಸುತ್ತೇ ಸಾಕು. ಸ್ನೋಮೊಬೈಲ್ ಸಂಸಾರಕ್ಕೆ ನಾವು ಹೇಳುವುದಿಲ್ಲ. ಓಡಿಸುವವರಿಗೆ ಡ್ರೈವಿಂಗ್ ಲೈಸೆನ್ಸ್ ಬೇಕು, ಮಕ್ಕಳನ್ನು ಗೈಡಿನ ಹಿಂದಿನ ಜಾರುಬಂಡಿಯಲ್ಲಿ ಕೂರಿಸುತ್ತಾರೆ. ಮರಕ್ಕೆ ಗುದ್ದಿದರೆ ವಿಮೆಯ ಹೊರಗೆ ನೀವೇ ಭರಿಸಬೇಕಾದ ಮೊತ್ತ ಸಾವಿರ ಯೂರೊವರೆಗೂ ಹೋಗುತ್ತದೆ.

ನಾರ್ದರ್ನ್ ಲೈಟ್ಸ್, ಅಂದರೆ ರಾತ್ರಿಯ ಆಕಾಶದಲ್ಲಿ ಹರಿದಾಡುವ ಬಣ್ಣದ ಬೆಳಕು, ನೋಡಲು ತಲೆಗೆ ನೂರು ಯೂರೊ ಕೊಟ್ಟು ವ್ಯಾನ್ ಹತ್ತುವ ಮೊದಲು ಆಕಾಶ ನೋಡಿ. ಮೋಡವಿಲ್ಲದ ರಾತ್ರಿ ಆರ್ಕ್ಟಿಕುಮ್ ಹಿಂದಿನ ನದೀತೀರಕ್ಕೆ ನಡೆದುಹೋದರೂ ಉತ್ತರ ದಿಕ್ಕು ತೆರೆದಿದೆ, ಕಾಸು ಖರ್ಚಿಲ್ಲ. ಫಿನ್‌ಲ್ಯಾಂಡಿನ ಹವಾಮಾನ ಸಂಸ್ಥೆಯ ಮೋಡದ ಮುನ್ಸೂಚನೆ ಉಚಿತ. ಟೂರಿಗೆ ಅರ್ಥವಿರುವುದು ಊರ ಮೇಲೆ ಮೋಡವಿದ್ದು ನೂರು ಕಿ.ಮೀ. ಆಚೆ ಬಯಲಿರುವ ರಾತ್ರಿ ಮಾತ್ರ, ಅದನ್ನು ಅದೇ ದಿನ ಬುಕ್ ಮಾಡಿದರೂ ಸಾಕು. ಇನ್ನುಳಿದಂತೆ ಸೂಪರ್‌ಮಾರ್ಕೆಟ್ಟಿನಲ್ಲಿ 20 ಯೂರೊಗೆ ಸಿಗುವ ಪ್ಲಾಸ್ಟಿಕ್ ಪುಲ್ಕಾ, ಅಂದರೆ ಜಾರುಬಂಡಿ, ಕೊಂಡು ಔನಾಸ್‌ವಾರಾ ಗುಡ್ಡದ ಬುಡಕ್ಕೆ ಹೋಗಿ. ಮಕ್ಕಳಿಗೆ ಅದಕ್ಕಿಂತ ದೊಡ್ಡ ಸಂಭ್ರಮ ಬೇರಿಲ್ಲ.

ಬಟ್ಟೆ

ಮೈಗೆ ಅಂಟಿದ ಪದರ ಉಣ್ಣೆಯದೋ ಸಿಂಥೆಟಿಕ್ಕೋ ಇರಲಿ, ಹತ್ತಿ ಬೇಡ. ಬೆವರು ಹೀರಿ ಒದ್ದೆಯಾಗಿ ಮೈ ಕೊರೆಯುತ್ತದೆ. ಅದರ ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಓವರಾಲ್. ಮೊದಲೆರಡನ್ನು ಬೆಂಗಳೂರಿನ ಡೆಕಾಥ್ಲಾನಿನಲ್ಲೇ ಕೊಳ್ಳಿ. ಓವರಾಲ್ ಮತ್ತು ಬೂಟನ್ನು ಅಲ್ಲಿ ಬಾಡಿಗೆಗೆ ತೆಗೆದುಕೊಳ್ಳಿ, ಮೈನಸ್ 25ರ ಬೂಟು ಊರಿಗೆ ತಂದು ಮಾಡುವುದೇನೂ ಇಲ್ಲ. ಜರ್ಮನಿ, ಸ್ವೀಡನ್‌ನಲ್ಲಿರುವ ಕನ್ನಡದವರಿಗೆ ಮಕ್ಕಳ ಸೆಕೆಂಡ್‌ಹ್ಯಾಂಡ್ ಹಿಮದ ಬಟ್ಟೆ ಸುಲಭಕ್ಕೆ ಸಿಗುತ್ತದೆ. ಬೂಟು ಒಂದು ಸೈಜ್ ದೊಡ್ಡದಿರಬೇಕು. ಬಿಗಿಯಾದ ಬೂಟಿನೊಳಗೆ ಎರಡು ಸಾಕ್ಸ್ ತುರುಕಿದರೆ ರಕ್ತ ಓಡದೆ ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ. ಮಕ್ಕಳಿಗೆ ಬೆರಳು ಬೆರಳಿನ ಗ್ಲೋವ್ಸ್ ಬದಲು ಬೆರಳೆಲ್ಲ ಒಟ್ಟಿಗಿರುವ ಮಿಟನ್ಸ್. ಮಂಕಿಕ್ಯಾಪ್ ಅಲ್ಲಿ ಪಕ್ಕಾ ಉಪಯೋಗ. ಫೋನನ್ನು ಒಳಜೇಬಿನಲ್ಲಿಡಿ, ಹೊರಗೆ ಹಿಡಿದರೆ ಅರ್ಧ ಚಾರ್ಜ್ ಇದ್ದರೂ ಆಫ್ ಆಗಿಬಿಡುತ್ತದೆ.

ಒಟ್ಟು ಲೆಕ್ಕ

ಜನವರಿ ಮಧ್ಯದಲ್ಲಿ ಹೆಲ್ಸಿಂಕಿಯಿಂದ ಹೆಲ್ಸಿಂಕಿಗೆ, ಊರಲ್ಲಿ ಐದು ರಾತ್ರಿ, ನಾಲ್ವರಿಗೆ ಅಂದಾಜು: ರೈಲಿಗೆ ಎರಡು ಕ್ಯಾಬಿನ್ ಹೋಗಿಬರಲು 500, ಮನೆ 750, ದಿನಸಿ 200, ಹೊರಗಿನ ಎರಡು ಮಧ್ಯಾಹ್ನದೂಟ 120, ಹಸ್ಕಿ 500, ಹಿಮಸಾರಂಗ 120, ಬಸ್ಸು 80, ಬಟ್ಟೆ ಬಾಡಿಗೆ 200, ಮ್ಯೂಸಿಯಮ್ಮು ಮತ್ತು ಚಿಲ್ಲರೆ 100. ಕೂಡಿದರೆ 2,570 ಯೂರೊ. ನೂರಕ್ಕೆ ಹತ್ತು ಕೈಕಾವಲಿಗೆ ಸೇರಿಸಿ 2,830 ಎನ್ನಿ. ಕ್ರಿಸ್‌ಮಸ್ ವಾರಕ್ಕೆ ಮನೆ ಒಂದೇ ಸಾವಿರ ಯೂರೊ ಹೆಚ್ಚಾಗುತ್ತದೆ, ರೈಲು ಮತ್ತು ಸವಾರಿಗಳ ಏರಿಕೆ ಸೇರಿದರೆ ನಾಲ್ಕು ಸಾವಿರ ದಾಟುತ್ತದೆ.

ಭಾರತದಿಂದ ಬರುವವರಿಗೆ ಇದರ ಮೇಲೆ ವಿಮಾನ ಮತ್ತು ಷೆಂಗನ್ ವೀಸಾ. 2024ರ ಜೂನ್‌ನಿಂದ ವೀಸಾ ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12ರೊಳಗಿನ ಮಕ್ಕಳಿಗೆ 45, ಆರರ ಕೆಳಗೆ ಉಚಿತ. ವೀಸಾ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕಂಪನಿಯ ಸೇವಾ ಶುಲ್ಕ ಬೇರೆ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚಕ್ಕೆ ಇರಬೇಕು. ಅದನ್ನು ಕೊಳ್ಳುವಾಗ ನಾಯಿಬಂಡಿ, ಸ್ಕೀಯಂಥ ಚಳಿಗಾಲದ ಚಟುವಟಿಕೆಗಳು ಸೇರಿವೆಯೇ ಎಂದು ಓದಿ, ಅಗ್ಗದ ಪಾಲಿಸಿಗಳಲ್ಲಿ ಇರುವುದಿಲ್ಲ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು. ಡಿಸೆಂಬರಿನ ನೂಕುನುಗ್ಗಲಿಗೆ ಅಪಾಯಿಂಟ್‌ಮೆಂಟೇ ಸಿಗುವುದಿಲ್ಲ, ಸೆಪ್ಟೆಂಬರಿನಲ್ಲೇ ಮುಗಿಸಿ.

ಬುಕಿಂಗ್ ಸರದಿ ಹೀಗಿರಲಿ: ಮೊದಲು ಉಚಿತವಾಗಿ ರದ್ದು ಮಾಡಬಹುದಾದ ಮನೆ, ಅದರ ಮೇಲೆ ವೀಸಾ, ವೀಸಾ ಕೈಗೆ ಬಂದ ದಿನವೇ ರೈಲು, ಆಮೇಲೆ ಹಸ್ಕಿ. ಹಿಮಸಾರಂಗ, ಬಟ್ಟೆ ಬಾಡಿಗೆ, ಮ್ಯೂಸಿಯಮ್ಮು ಜನವರಿಯಲ್ಲಿ ಅಲ್ಲಿಗೆ ಹೋದ ಮೇಲೂ ಸಿಗುತ್ತವೆ.